ಗಾಲಿಯ ಗಾತ್ರ, ಅಚ್ಚಿನ ಹಲ್ಲು, ಎಂಜಿನ್ನಿನ ಸುತ್ತು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಂದರೆ 1941ರಿಂದ 1945ರವರೆಗೆ, ಅಮೆರಿಕದ ವಿಲ್ಲೀಸ್ ಕಾರ್ಖಾನೆಯಲ್ಲಿ ತಯಾರಾದ ಎಂ.ಬಿ. ಎಂಬ ಹೆಸರಿನ ಜೀಪಿನ ಮುಂಭಾಗದ ಹಲಗೆಯ ಮೇಲೆ ಒಂದು ಚಿಕ್ಕ ಲೋಹದ ಫಲಕವನ್ನು ಜೋಡಿಸಲಾಗಿತ್ತು. ಯಾವ ಗೇರಿನಲ್ಲಿ ಎಷ್ಟು ವೇಗವನ್ನು ಮೀರಕೂಡದೆಂಬ ಎಚ್ಚರಿಕೆ ಅದರಲ್ಲಿತ್ತು. ಗಂಟೆಗೆ ಮೂರನೆಯ ಗೇರಿನಲ್ಲಿ 65 ಮೈಲಿ, ಎರಡನೆಯದರಲ್ಲಿ 41, ಮೊದಲನೆಯದರಲ್ಲಿ 24, ಹಿಂದಕ್ಕೆ ಚಲಿಸುವಾಗ 18. ಪಕ್ಕದ ಇನ್ನೊಂದು ಹಿಡಿಯನ್ನು ಸರಿಸಿ ವಾಹನವನ್ನು ‘ಲೋ’ ಎಂಬ ನಿಧಾನಗತಿಗೆ ತಂದಾಗ ಇದೇ ಅಂಕಿಗಳು ಕ್ರಮವಾಗಿ 33, 21, 12 ಮತ್ತು 9ಕ್ಕೆ ಇಳಿಯುತ್ತಿದ್ದವು. ನೋಡುವವನ ಕಣ್ಣಿಗೆ ಇವು ಎಂಟು ಬೇರೆ ಬೇರೆ ಸಂಖ್ಯೆಗಳು. ಆದರೆ ಲೆಕ್ಕ ಮಾಡಿ ನೋಡಿದವನಿಗೆ ಇವೆಲ್ಲವೂ ಒಂದೇ ಸಂಖ್ಯೆ ಧರಿಸಿದ ಎಂಟು ವೇಷಗಳೆಂಬುದು ತಿಳಿದುಬರುತ್ತದೆ. ಆ ಒಂದು ಸಂಖ್ಯೆ ಯಾವುದು, ಅದನ್ನು ಕಂಡುಹಿಡಿಯುವ ಬಗೆ ಹೇಗೆ, ಅದನ್ನು ಅರಿಯದೆ ಗಾಲಿಯನ್ನೋ ಅಚ್ಚನ್ನೋ ಬದಲಾಯಿಸಿದಲ್ಲಿ ಆಗುವ ಅನರ್ಥವೇನು ಎಂಬುದೇ ಇಲ್ಲಿಯ ವಿಚಾರ. ಇದಕ್ಕೆ ಬೇಕಾದ ಗಣಿತ ಹೆಚ್ಚಿನದೇನೂ ಅಲ್ಲ. ವೃತ್ತದ ಪರಿಧಿಯನ್ನು ಕಾಣುವ ಸೂತ್ರ, ಗುಣಾಕಾರ, ಭಾಗಾಕಾರ ಇಷ್ಟು ಬಂದರೆ ಸಾಕು.

ಜೀಪನ್ನೇ ಉದಾಹರಣೆಗೆ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಅದರ ಯಂತ್ರಭಾಗಗಳ ಅಳತೆಗಳು ಪ್ರಸಿದ್ಧವಾಗಿವೆ, ರಚನೆ ಸರಳವಾಗಿದೆ. ಯುದ್ಧಾನಂತರ ಈ ವಾಹನ ಭಾರತಕ್ಕೂ ಹೊಸದಾಗಿ ಉಳಿಯಲಿಲ್ಲ. 1940ರ ದಶಕದ ಕೊನೆಯಿಂದ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸಲು ತೊಡಗಿ, ಮುಂದೆ ಅವನ್ನು ಇಲ್ಲಿಯೇ ತಯಾರಿಸಿತು. ಸರಕಾರಿ ಇಲಾಖೆಗಳ ಅಂಗಳದಲ್ಲಿ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ, ಘಟ್ಟದ ದಾರಿಗಳಲ್ಲಿ ಜೀಪನ್ನು ಕಾಣದವರು ಕಡಿಮೆ.

ಎಂಜಿನ್ನಿನೊಳಗೆ ಹುಟ್ಟಿದ ತಿರುಗುವಿಕೆ ನೇರವಾಗಿ ಗಾಲಿಗೆ ಹೋಗುವುದಿಲ್ಲ. ಮೊದಲು ಕ್ಲಚ್ಚಿನ ಮೂಲಕ ಗೇರುಪೆಟ್ಟಿಗೆಯನ್ನು ಸೇರುತ್ತದೆ. ಜೀಪಿನಲ್ಲಿ ಅದರ ಬೆನ್ನಿಗೆ ಇನ್ನೊಂದು ಪೆಟ್ಟಿಗೆಯಿದ್ದು, ಅದು ಶಕ್ತಿಯನ್ನು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಹಂಚುತ್ತದೆ. ‘ಲೋ’ ಗತಿ ಇರುವುದೂ ಅದರಲ್ಲಿಯೇ. ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಷಾಫ್ಟು ಅಚ್ಚಿನವರೆಗೆ ಬರುತ್ತದೆ. ಕೊನೆಗೆ ಅಚ್ಚಿನ ನಡುವಿನ ಗುಂಡನೆಯ ಉಬ್ಬಿನೊಳಗೆ ಒಂದು ಚಿಕ್ಕ ಹಲ್ಲುಚಕ್ರ, ಅಂದರೆ ಪಿನಿಯನ್, ಒಂದು ದೊಡ್ಡ ಹಲ್ಲುಚಕ್ರವನ್ನು, ಅಂದರೆ ಕ್ರೌನನ್ನು, ತಿರುಗಿಸುತ್ತದೆ. ಕ್ರೌನು ತಿರುಗಿದಂತೆ ಗಾಲಿ ತಿರುಗುತ್ತದೆ. ಈ ದಾರಿಯಲ್ಲಿ ಒಂದೊಂದು ಹಂತದಲ್ಲಿಯೂ ತಿರುಗುವ ವೇಗ ಕುಗ್ಗುತ್ತದೆ, ತಿರುಗಿಸುವ ಬಲ ಹಿಗ್ಗುತ್ತದೆ. ಸನ್ನೆಗೋಲಿನ ಉದ್ದ ತುದಿಯನ್ನು ಹೆಚ್ಚು ದೂರ ಒತ್ತಿದಾಗ ಗಿಡ್ಡ ತುದಿ ಕಲ್ಲನ್ನು ಸ್ವಲ್ಪವೇ ಎತ್ತುವುದಷ್ಟೆ. ಹಲ್ಲುಚಕ್ರದ ಜೋಡಿಯೂ ಅಂತಹುದೇ ಒಂದು ಸನ್ನೆ. ದೂರವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವದು.

ಎಂ.ಬಿ. ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು. 39ನ್ನು 8ರಿಂದ ಭಾಗಿಸಿದರೆ 4.875 ಬರುತ್ತದೆ. ಇದನ್ನು ಅಚ್ಚಿನ ಪ್ರಮಾಣವೆನ್ನುತ್ತಾರೆ. ಷಾಫ್ಟು ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ ಎಂದು ಅದರ ಅರ್ಥ. ಕ್ರೌನಿಗೆ 40 ಹಲ್ಲು ಕೊಟ್ಟಿದ್ದರೆ ಲೆಕ್ಕಕ್ಕೆ ಸರಿಯಾಗಿ ಐದು ಆಗುತ್ತಿತ್ತಲ್ಲ, ಈ ತುಂಡು ಸಂಖ್ಯೆಯ ತೊಡಕೇಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ನಿರ್ಮಾಪಕರ ಜಾಣತನವೊಂದು ಅಡಗಿದೆ. 8 ಮತ್ತು 40 ಹಲ್ಲುಗಳಿದ್ದಲ್ಲಿ ಪಿನಿಯನ್ನಿನ ಒಂದು ಹಲ್ಲು ಪ್ರತಿ ಸಲವೂ ಕ್ರೌನಿನ ಅದೇ ಐದು ಹಲ್ಲುಗಳನ್ನು ಮಾತ್ರ ಸಂಧಿಸುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ದೋಷವಿದ್ದರೂ ಆ ಐದೇ ಹಲ್ಲುಗಳು ಅದರ ಪೆಟ್ಟನ್ನು ಜೀವಮಾನವಿಡೀ ತಿನ್ನಬೇಕು. 8 ಮತ್ತು 39ಕ್ಕೆ ಒಂದರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಸರದಿಯಂತೆ ಕ್ರೌನಿನ ಎಲ್ಲ 39 ಹಲ್ಲುಗಳನ್ನೂ ಸಂಧಿಸಿ, ಸವೆತ ಸಮನಾಗಿ ಹಂಚಿಹೋಗುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯದ ಪಾಠವನ್ನು ತರಗತಿಯಲ್ಲಿ ಬೇಸರದಿಂದ ಕೇಳುವ ಹುಡುಗರು ಒಮ್ಮೆ ಈ ಅಚ್ಚಿನೊಳಗೆ ಇಣುಕಿ ನೋಡಬೇಕು.

ಇನ್ನು ಗಾಲಿಯ ಮಾತು. ಆ ಜೀಪಿನ ಟೈರಿನ ಮೇಲೆ 6.00-16 ಎಂದು ಬರೆದಿರುತ್ತಿತ್ತು. ಮೊದಲನೆಯ ಸಂಖ್ಯೆ ಟೈರಿನ ಅಗಲ, ಎರಡನೆಯದು ಟೈರು ಕೂಡುವ ಉಕ್ಕಿನ ಚಕ್ರದ ವ್ಯಾಸ, ಎರಡೂ ಅಂಗುಲಗಳಲ್ಲಿ. ಹಳೆಯ ಬಗೆಯ ಟೈರುಗಳಲ್ಲಿ ಅಗಲವೆಷ್ಟೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಆದ ಕಾರಣ ಉಕ್ಕಿನ ಚಕ್ರದ 16 ಅಂಗುಲಕ್ಕೆ ಮೇಲೊಂದು ಆರು, ಕೆಳಗೊಂದು ಆರು ಕೂಡಿಸಿದರೆ ಇಡೀ ಗಾಲಿಯ ವ್ಯಾಸ ಸುಮಾರು 28 ಅಂಗುಲವೆಂದು ತಿಳಿಯುತ್ತದೆ. ಇದು ಅಂದಾಜಿನ ಲೆಕ್ಕವೇ ಸರಿ. ಹೊಸ ಟೈರು ಇದಕ್ಕಿಂತ ತುಸು ದೊಡ್ಡದಿರಬಹುದು. ಭಾರ ಬಿದ್ದಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಪರಿಣಾಮದಲ್ಲಿ ತುಸು ಚಿಕ್ಕದಾಗಲೂಬಹುದು. ಹೋಲಿಕೆಗೆ ಮಾತ್ರ ಈ ಅಂದಾಜು ಸಾಕು. 28 ಅಂಗುಲವೆಂದರೆ 0.711 ಮೀಟರು. ಇದನ್ನು 3.1416ರಿಂದ ಗುಣಿಸಿದರೆ ಪರಿಧಿ 2.234 ಮೀಟರು. ಗಾಲಿ ಒಂದು ಸುತ್ತು ತಿರುಗಿದರೆ ಜೀಪು 2.234 ಮೀಟರು ಮುಂದೆ ಸಾಗುತ್ತದೆ.

ಗಂಟೆಗೆ 60 ಕಿಲೋಮೀಟರು ವೇಗವನ್ನು ತೆಗೆದುಕೊಂಡರೆ ಲೆಕ್ಕ ಬಲು ಸುಲಭವಾಗುತ್ತದೆ. ಏಕೆಂದರೆ ಆ ವೇಗದಲ್ಲಿ ವಾಹನ ನಿಮಿಷಕ್ಕೆ ಸರಿಯಾಗಿ 1,000 ಮೀಟರು ಹೋಗುತ್ತದೆ. 1,000ವನ್ನು 2.234ರಿಂದ ಭಾಗಿಸಿದರೆ ಗಾಲಿ ನಿಮಿಷಕ್ಕೆ ಸುಮಾರು 447.6 ಸುತ್ತು ತಿರುಗುತ್ತಿದೆ ಎಂದಾಯಿತು. ಇದನ್ನು ಅಚ್ಚಿನ ಪ್ರಮಾಣವಾದ 4.875ರಿಂದ ಗುಣಿಸಿದರೆ 2,182. ಮೂರನೆಯ ಗೇರಿನಲ್ಲಿ ಗೇರುಪೆಟ್ಟಿಗೆ ತಿರುಗುವಿಕೆಯನ್ನು ಕುಗ್ಗಿಸದೆ ಹಾಗೆಯೇ ಮುಂದಕ್ಕೆ ಸಾಗಿಸುತ್ತದೆ. ಹಾಗಾಗಿ ಎಂಜಿನ್ನಿನ ಸುತ್ತೂ ನಿಮಿಷಕ್ಕೆ 2,182 ಆಗುತ್ತದೆ. ಸೂತ್ರವಾಗಿ ಹೇಳುವುದಾದರೆ, ನಿಮಿಷಕ್ಕೆ ವಾಹನ ಸಾಗುವ ದೂರವನ್ನು ಗಾಲಿಯ ಪರಿಧಿಯಿಂದ ಭಾಗಿಸಿ, ಬಂದುದನ್ನು ಅಚ್ಚಿನ ಪ್ರಮಾಣದಿಂದಲೂ ಗೇರಿನ ಪ್ರಮಾಣದಿಂದಲೂ ಗುಣಿಸತಕ್ಕದ್ದು. ಪರಿಧಿ ಭಾಜಕದ ಸ್ಥಾನದಲ್ಲಿದೆ. ಗಾಲಿ ದೊಡ್ಡದಾದಷ್ಟೂ ಸುತ್ತು ಕಡಿಮೆ. ಅಚ್ಚಿನ ಪ್ರಮಾಣ ಗುಣಕದ ಸ್ಥಾನದಲ್ಲಿದೆ. ಅದು ಹೆಚ್ಚಿದಷ್ಟೂ ಸುತ್ತು ಹೆಚ್ಚು. ಮುಂದೆ ಹೇಳುವುದೆಲ್ಲವೂ ಈ ಎರಡು ವಾಕ್ಯಗಳ ವಿಸ್ತಾರವೇ.

ಈಗ ಆ ಲೋಹದ ಫಲಕಕ್ಕೆ ಹಿಂದಿರುಗಬಹುದು. ಎಂ.ಬಿ. ಜೀಪಿನ ಗೇರುಪೆಟ್ಟಿಗೆಯ ಪ್ರಮಾಣಗಳು ಮೊದಲನೆಯದಕ್ಕೆ 2.665, ಎರಡನೆಯದಕ್ಕೆ 1.564, ಮೂರನೆಯದಕ್ಕೆ 1, ಹಿಂಚಲನೆಗೆ 3.554. ‘ಲೋ’ ಗತಿಯ ಪ್ರಮಾಣ 1.97. ಮೂರನೆಯ ಗೇರಿನ 65 ಮೈಲಿ ಎಂದರೆ ಗಂಟೆಗೆ ಸುಮಾರು 104.6 ಕಿಲೋಮೀಟರು, ಲೆಕ್ಕ ಮಾಡಿದರೆ ಎಂಜಿನ್ನಿನ ಸುತ್ತು ಸುಮಾರು 3,800 ಬರುತ್ತದೆ. ಎರಡನೆಯ ಗೇರಿನ 41 ಮೈಲಿಗೆ ಸುಮಾರು 3,750. ಮೊದಲನೆಯದರ 24 ಮೈಲಿಗೆ 3,740. ಹಿಂಚಲನೆಯ 18ಕ್ಕೂ ಅಷ್ಟೇ. ‘ಲೋ’ ಗತಿಯ ಮೊದಲ ಗೇರಿನಲ್ಲಿ 12 ಮೈಲಿಯೆಂಬ ಆಮೆಯ ನಡಿಗೆಗೂ ಎಂಜಿನ್ನು 3,690 ಸುತ್ತು ತಿರುಗಬೇಕು. ಫಲಕದ ಎಂಟು ಸಂಖ್ಯೆಗಳೂ 3,700 ಮತ್ತು 3,800ರ ಆಸುಪಾಸಿನಲ್ಲಿಯೇ ಬಂದು ನಿಲ್ಲುತ್ತವೆ. ಆ ಎಂಜಿನ್ನು ತನ್ನ 60 ಅಶ್ವಶಕ್ತಿಯನ್ನು ಕೊಡುತ್ತಿದ್ದುದು 4,000 ಸುತ್ತಿನಲ್ಲಿ. ಅದಕ್ಕಿಂತ ತುಸು ಈಚೆಗೆ ಗೆರೆಯೆಳೆದು, ಇದನ್ನು ದಾಟಬೇಡವೆಂದು ಸೈನಿಕನಿಗೆ ತಿಳಿಯಹೇಳುವುದೇ ಫಲಕದ ಉದ್ದೇಶವಾಗಿತ್ತು. ಸುತ್ತು ತೋರಿಸುವ ಮಾಪಕ ಆ ವಾಹನದಲ್ಲಿರಲಿಲ್ಲ, ವೇಗಮಾಪಕ ಇತ್ತು. ಆದುದರಿಂದ ಎಂಜಿನ್ನಿನ ಭಾಷೆಯಲ್ಲಿದ್ದ ಎಚ್ಚರಿಕೆಯನ್ನು ವೇಗದ ಭಾಷೆಗೆ ತಿರುಗಿಸಿ ಬರೆದಿದ್ದರು.

ಆದರೆ ಆ ಅನುವಾದ ಸರಿಯಾಗಿರುವುದು 28 ಅಂಗುಲದ ಗಾಲಿ ಮತ್ತು 4.875ರ ಅಚ್ಚು ಇರುವವರೆಗೆ ಮಾತ್ರ.

ಜೀಪಿಗೆ ದೊಡ್ಡ ಟೈರು ಹಾಕಿಸುವ ಆಸೆ ಅನೇಕರಿಗೆ ಇರುತ್ತದೆ. ನೋಡಲು ಗಂಭೀರವಾಗಿ ಕಾಣುತ್ತದೆ, ನೆಲದಿಂದ ಎತ್ತರ ಹೆಚ್ಚುತ್ತದೆ, ಎಂಜಿನ್ನು ಕಡಿಮೆ ತಿರುಗಿ ಪೆಟ್ರೋಲು ಉಳಿಯುತ್ತದೆ ಎಂಬ ನಂಬಿಕೆಯೂ ಜೊತೆಗಿರುತ್ತದೆ. 6.00-16ರ ಬದಲು 7.00-16 ಹಾಕಿದರೆಂದು ಇಟ್ಟುಕೊಳ್ಳೋಣ. ವ್ಯಾಸ 30 ಅಂಗುಲವಾಗುತ್ತದೆ, ಪರಿಧಿ 2.394 ಮೀಟರು. 60 ಕಿಲೋಮೀಟರು ವೇಗದಲ್ಲಿ ಗಾಲಿ ನಿಮಿಷಕ್ಕೆ 417.7 ಸುತ್ತು, ಎಂಜಿನ್ನು 2,036 ಸುತ್ತು. ಮೊದಲಿನ 2,182ಕ್ಕೆ ಹೋಲಿಸಿದರೆ 146 ಸುತ್ತು ಉಳಿಯಿತು. ಸಮತಟ್ಟಾದ ರಸ್ತೆಯಲ್ಲಿ ಈ ಉಳಿತಾಯ ನಿಜವಾದದ್ದೇ. ಎಂಜಿನ್ನಿನ ಸದ್ದು ತಗ್ಗುತ್ತದೆ.

ಘಾಟಿ ಹತ್ತುವಾಗ ಕಥೆ ಬೇರೆ. ಗಾಲಿ ಕೂಡ ಒಂದು ಸನ್ನೆಯೆಂಬುದನ್ನು ಇಲ್ಲಿ ಮರೆಯಬಾರದು. ಅಚ್ಚಿನ ನಡುವಿನಿಂದ ನೆಲದವರೆಗಿನ ತ್ರಿಜ್ಯವೇ ಅದರ ತೋಳು. ತೋಳು ಉದ್ದವಾದಷ್ಟೂ ನೆಲವನ್ನು ಹಿಂದಕ್ಕೆ ನೂಕುವ ಬಲ ಕಡಿಮೆಯಾಗುತ್ತದೆ. ಆ ಎಂಜಿನ್ನು 2,000 ಸುತ್ತಿನಲ್ಲಿ ತನ್ನ ಅತ್ಯಧಿಕ ತಿರುಗಿಸುವ ಬಲವನ್ನು ಕೊಡುತ್ತದೆ. ಅದು 105 ಪೌಂಡ್-ಅಡಿ, ಅಂದರೆ ಸುಮಾರು 14.5 ಕಿಲೋಗ್ರಾಂ-ಮೀಟರು. ಮೂರನೆಯ ಗೇರಿನಲ್ಲಿ ಇದನ್ನು 4.875ರಿಂದ ಗುಣಿಸಿ 28 ಅಂಗುಲ ಗಾಲಿಯ ತ್ರಿಜ್ಯವಾದ 0.3556 ಮೀಟರಿನಿಂದ ಭಾಗಿಸಿದರೆ ಗಾಲಿಯಂಚಿನ ಎಳೆತ ಸುಮಾರು 199 ಕಿಲೋಗ್ರಾಂ ಬರುತ್ತದೆ. 30 ಅಂಗುಲದ ಗಾಲಿಯಾದರೆ ಸುಮಾರು 186. ಹಲ್ಲುಗಳ ಘರ್ಷಣೆಯಲ್ಲಿ ಹತ್ತರಲ್ಲೊಂದು ಪಾಲು ನಷ್ಟವಾಯಿತೆಂದರೆ 179 ಮತ್ತು 167 ಉಳಿಯುತ್ತವೆ.

ಜೀಪಿನ ತೂಕ ಸುಮಾರು 1,100 ಕಿಲೋಗ್ರಾಂ, ಜನ ಮತ್ತು ಸಾಮಾನಿನದು 200, ಒಟ್ಟು 1,300 ಎನ್ನೋಣ. ಹತ್ತು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಈ ಭಾರ 130 ಕಿಲೋಗ್ರಾಂ ಬಲದಿಂದ ಹಿಂದಕ್ಕೆಳೆಯುತ್ತದೆ. ಗಾಲಿಗಳ ಉರುಳುತಡೆ ಮತ್ತು ಗಾಳಿಯ ತಡೆಗೆ 40 ಸೇರಿಸಿದರೆ ಬೇಕಾದ ಎಳೆತ 170. ಚಿಕ್ಕ ಗಾಲಿಯ ಜೀಪಿನಲ್ಲಿ 179 ಇದೆ. ಅದು ಗಂಟೆಗೆ 55 ಕಿಲೋಮೀಟರಿನಂತೆ, ಎಂಜಿನ್ನಿನ 2,000 ಸುತ್ತಿನಲ್ಲಿ, ಮೂರನೆಯ ಗೇರಿನಲ್ಲಿಯೇ ಏರಿಹೋಗುತ್ತದೆ. ದೊಡ್ಡ ಗಾಲಿಯ ಜೀಪಿನಲ್ಲಿ 167 ಮಾತ್ರ ಇದೆ. ಅದು ಏರಲಾರದೆ ವೇಗ ಕುಗ್ಗುತ್ತ ಬಂದು, ಚಾಲಕ ಎರಡನೆಯ ಗೇರಿಗೆ ಇಳಿಯಲೇಬೇಕಾಗುತ್ತದೆ. ಎರಡನೆಯ ಗೇರಿನಲ್ಲಿ ಅದೇ 55 ಕಿಲೋಮೀಟರು ವೇಗವನ್ನು ಕಾಯ್ದುಕೊಳ್ಳಬೇಕಾದರೆ ಎಂಜಿನ್ನು ಸುಮಾರು 2,920 ಸುತ್ತು ತಿರುಗಬೇಕು. ಬಯಲಿನಲ್ಲಿ ನೂರೈವತ್ತು ಸುತ್ತು ಉಳಿಸಹೋದವನು ಏರಿನಲ್ಲಿ ಒಂಬೈನೂರು ಸುತ್ತು ತೆತ್ತಂತಾಯಿತು. ಆಗುಂಬೆ, ಚಾರ್ಮಾಡಿಗಳಂತಹ ಘಾಟಿಗಳನ್ನು ದಿನವೂ ಹತ್ತಿಳಿಯುವ ವಾಹನಕ್ಕೆ ಈ ವ್ಯಾಪಾರ ಗಿಟ್ಟುವುದಿಲ್ಲ.

ಕ್ಲಚ್ಚಿನ ಗತಿಯನ್ನೂ ನೋಡಬೇಕು. ತಿರುವಿನಲ್ಲಿ ನಿಂತ ವಾಹನವನ್ನು ಏರಿನಲ್ಲಿ ಹೊರಡಿಸುವಾಗ ಕ್ಲಚ್ಚು ಸ್ವಲ್ಪ ಹೊತ್ತು ಜಾರುತ್ತಲೇ ಹಿಡಿಯಬೇಕು. ಎಳೆತ ಕಡಿಮೆಯಾದಷ್ಟೂ ಜಾರುವ ಹೊತ್ತು ಹೆಚ್ಚು, ಬಿಸಿಯೂ ಹೆಚ್ಚು. ದೊಡ್ಡ ಟೈರು ಹಾಕಿದ ಮೇಲೆ ಕ್ಲಚ್ಚಿನ ತಟ್ಟೆ ಬೇಗ ಸುಡುತ್ತದೆಯೆಂದು ದೂರುವವರು ತಟ್ಟೆ ಮಾರಿದವನನ್ನು ಬಯ್ಯುವುದುಂಟು. ಕಾರಣ ಗಾಲಿಯಲ್ಲಿದೆ.

ಇಳಿಜಾರಿನ ಅಪಾಯ ಏರಿನದಕ್ಕಿಂತ ದೊಡ್ಡದು. ಏರಲಾರದ ವಾಹನ ನಿಂತುಬಿಡುತ್ತದೆ. ಇಳಿಯುವಾಗ ತಡೆಯಲಾರದ ವಾಹನ ನಿಲ್ಲುವುದಿಲ್ಲ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಅನುಭವಸ್ಥ ಚಾಲಕರು ಹೇಳುವುದರ ಹಿಂದೆ ಇದೇ ಹಲ್ಲುಗಳ ಲೆಕ್ಕವಿದೆ. ಇಳಿಯುವಾಗ ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ನು ಅದನ್ನು ಹಿಡಿದೆಳೆಯುತ್ತದೆ. ದೊಡ್ಡ ಗಾಲಿ ಹಾಕಿದಾಗ ಈ ಹಿಡಿತ ಹದಿನೈದರಲ್ಲೊಂದು ಪಾಲಿನಷ್ಟು ಸಡಿಲವಾಗುತ್ತದೆ. ಬ್ರೇಕಿನದೂ ಹಾಗೆಯೇ. ಬ್ರೇಕಿನ ಡ್ರಮ್ಮು ಮೊದಲಿನದೇ, ಕಾಲಿನ ಒತ್ತಡ ಮೊದಲಿನದೇ. ಆದರೆ ನೆಲದವರೆಗಿನ ತೋಳು ಉದ್ದವಾಗಿರುವುದರಿಂದ ನೆಲಕ್ಕೆ ತಾಗುವ ತಡೆ ಅಷ್ಟು ಪಾಲು ಕಡಿಮೆ. ಹಿಂದಿನ ಸೀಟಿನಲ್ಲಿ ಹತ್ತು ಮಂದಿಯನ್ನು ಕೂರಿಸಿಕೊಂಡು ಮಳೆಗಾಲದಲ್ಲಿ ಘಟ್ಟವಿಳಿಯುವ ಜೀಪಿನ ವಿಷಯದಲ್ಲಿ ಈ ಪಾಲು ಚಿಕ್ಕದೆನ್ನುವಂತಿಲ್ಲ.

ಯುದ್ಧ ಮುಗಿದ ಮೇಲೆ 1945ರಲ್ಲಿ ವಿಲ್ಲೀಸ್ ಸಂಸ್ಥೆ ನಾಗರಿಕರಿಗಾಗಿ ಸಿ.ಜೆ.-2ಎ ಎಂಬ ಜೀಪನ್ನು ಹೊರತಂದಾಗ ಅಚ್ಚನ್ನು ಬದಲಾಯಿಸಿತು. ಪಿನಿಯನ್ನಿಗೆ 8 ಹಲ್ಲೇ ಇದ್ದು ಕ್ರೌನಿಗೆ 43 ಬಂದವು, ಪ್ರಮಾಣ 5.375. ಟೈರು ಮೊದಲಿನ 6.00-16. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಈ ಜೀಪಿನ ಎಂಜಿನ್ನು 2,182ರ ಬದಲು 2,406 ಸುತ್ತು ತಿರುಗಬೇಕು. ಯುದ್ಧದ ಜೀಪಿಗಿಂತ ಶೇಕಡಾ 10ರಷ್ಟು ಹೆಚ್ಚು. ಮುಂದುವರಿದ ಮಾದರಿಯಲ್ಲಿ ಹಿಂದಕ್ಕೆ ಹೋದಂತಾಯಿತಲ್ಲ ಎಂದು ತೋರಬಹುದು. ಆದರೆ ಆ ವಾಹನವನ್ನು ಮಾರಲು ಉದ್ದೇಶಿಸಿದ್ದು ಬಹುಮಟ್ಟಿಗೆ ರೈತರಿಗೆ. ನೇಗಿಲೆಳೆಯುವುದು, ಯಂತ್ರಗಳನ್ನು ನಡೆಸುವುದು, ಹೊಲದಲ್ಲಿ ಭಾರ ಸಾಗಿಸುವುದು ಅದರ ಕೆಲಸ. ಅದಕ್ಕೆ ಬೇಕಾದುದು ನಿಧಾನ ಮತ್ತು ಬಲ. ‘ಲೋ’ ಗತಿಯ ಪ್ರಮಾಣವನ್ನೂ ಸುಮಾರು 2.4ಕ್ಕೆ ಏರಿಸಿ, ಮೊದಲ ಗೇರನ್ನೂ ಸುಮಾರು 2.8ಕ್ಕೆ ಹೆಚ್ಚಿಸಲಾಯಿತು. ಎಲ್ಲವನ್ನೂ ಗುಣಿಸಿದರೆ ಎಂಜಿನ್ನು 36 ಸುತ್ತಿಗೂ ಹೆಚ್ಚು ತಿರುಗಿದಾಗ ಗಾಲಿ ಒಂದು ಸುತ್ತು ಬರುತ್ತಿತ್ತು. ಯುದ್ಧದ ಜೀಪಿನಲ್ಲಿ ಇದು 25.6 ಆಗಿತ್ತು. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗುತ್ತಿರುವಾಗ ಹೊಲದಲ್ಲಿ ಜೀಪಿನ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಎತ್ತಿನ ಜೋಡಿಯ ಹಿಂದೆ ನಡೆಯುವವನ ನಡಿಗೆಯೂ ಅಷ್ಟೇ ಇರುತ್ತದೆ.

ಇಲ್ಲಿಂದ ಒಂದು ಉಪಯುಕ್ತ ಲೆಕ್ಕ ಹೊರಡುತ್ತದೆ. ದೊಡ್ಡ ಗಾಲಿಯಿಂದ ಕಳೆದುಕೊಂಡುದನ್ನು ಅಚ್ಚಿನಿಂದ ಮರಳಿ ಪಡೆಯಬಹುದು. 30 ಅಂಗುಲದ ಗಾಲಿಗೆ ಮೊದಲಿನ ಎಳೆತವೇ ಬೇಕಾದರೆ 4.875ನ್ನು 30ರಿಂದ ಗುಣಿಸಿ 28ರಿಂದ ಭಾಗಿಸಬೇಕು, 5.22 ಬರುತ್ತದೆ. ಸರಿಯಾಗಿ ಆ ಪ್ರಮಾಣದ ಹಲ್ಲುಗಳು ದೊರೆಯಲಾರವು, 5.375 ಹತ್ತಿರದ್ದು. ಅದನ್ನು ಕೂಡಿಸಿದರೆ 60 ಕಿಲೋಮೀಟರಿನಲ್ಲಿ ಸುತ್ತು 2,245 ಆಗುತ್ತದೆ, ಮೂಲದ 2,182ಕ್ಕಿಂತ ಅತ್ಯಲ್ಪ ಹೆಚ್ಚು. ಹೀಗೆ ದೊಡ್ಡ ಟೈರನ್ನು ಬಯಸುವವನು ಅಚ್ಚಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೀಸೆಲ್ ಎಂಜಿನ್ನಿನ ಮಾತು ಬೇರೆ. ಅಂತಹ ಎಂಜಿನ್ನು ಸಾಮಾನ್ಯವಾಗಿ ಕಡಿಮೆ ಸುತ್ತಿನಲ್ಲಿಯೇ ತನ್ನ ಬಲವನ್ನು ಕೊಡುವುದರಿಂದ ಪೆಟ್ರೋಲ್ ಜೀಪಿನ ಅಚ್ಚನ್ನು ಹಾಗೆಯೇ ಇಟ್ಟುಕೊಂಡರೆ ಅದು ಬಲುಬೇಗ ತನ್ನ ಮಿತಿಯನ್ನು ಮುಟ್ಟಿಬಿಡುತ್ತದೆ. ಅದಕ್ಕೆ ಸಣ್ಣ ಪ್ರಮಾಣದ ಅಚ್ಚು ಹೊಂದುತ್ತದೆ.

ವೇಗಮಾಪಕದ ಸಂಗತಿ ಕುತೂಹಲಕರವಾದುದು. ಅದು ಗಾಲಿಯನ್ನು ನೋಡುವುದಿಲ್ಲ. ಶಕ್ತಿ ಹಂಚುವ ಪೆಟ್ಟಿಗೆಯಿಂದ ಹೊರಬರುವ ಷಾಫ್ಟಿನ ಸುತ್ತುಗಳನ್ನು ಎಣಿಸಿ, ಗಾಲಿ ಇಂತಿಷ್ಟು ದೊಡ್ಡದಿರಬೇಕೆಂದು ನಂಬಿ ವೇಗವನ್ನು ತೋರಿಸುತ್ತದೆ. 30 ಅಂಗುಲದ ಗಾಲಿ ಹಾಕಿದ ಜೀಪಿನಲ್ಲಿ ಮುಳ್ಳು 60 ತೋರಿಸುತ್ತಿರುವಾಗ ವಾಹನ ನಿಜವಾಗಿ 64 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಓಡಿದ ದೂರವನ್ನು ತೋರಿಸುವ ಅಂಕಿಗಳೂ ಹೀಗೆಯೇ ತಪ್ಪುತ್ತವೆ: 1,000 ಕಿಲೋಮೀಟರು ಓಡಿದ್ದರೆ ಮಾಪಕದಲ್ಲಿ 933 ಮಾತ್ರ. ಇಲಾಖೆಯ ವಾಹನಗಳ ಲಾಗ್ ಪುಸ್ತಕದಲ್ಲಿ ಪೆಟ್ರೋಲಿನ ಲೆಕ್ಕವನ್ನು ಈ ಅಂಕಿಗಳ ಮೇಲೆ ಬರೆಯುವುದಷ್ಟೆ. 100 ಲೀಟರು ಪೆಟ್ರೋಲಿನಲ್ಲಿ ಆ 1,000 ಕಿಲೋಮೀಟರು ಓಡಿದ್ದರೆ ಲೀಟರಿಗೆ 10 ಬಿದ್ದಿರುತ್ತದೆ, ಪುಸ್ತಕದಲ್ಲಿ 9.3 ಎಂದು ದಾಖಲಾಗುತ್ತದೆ. ಪೆಟ್ರೋಲು ಎಲ್ಲಿ ಸೋರಿತೆಂದು ಚಾಲಕನನ್ನು ಪ್ರಶ್ನಿಸುವ ಮೊದಲು ಟೈರಿನ ಪಕ್ಕದಲ್ಲಿರುವ ಸಂಖ್ಯೆಯನ್ನು ಓದುವುದು ನ್ಯಾಯ. ಅಚ್ಚನ್ನು ಮಾತ್ರ 5.375ಕ್ಕೆ ಬದಲಾಯಿಸಿ ಮಾಪಕದ ಹಲ್ಲುಚಕ್ರವನ್ನು ಹಾಗೆಯೇ ಬಿಟ್ಟಲ್ಲಿ ತಪ್ಪು ವಿರುದ್ಧ ದಿಕ್ಕಿಗೆ ಹೋಗುತ್ತದೆ. ಮುಳ್ಳು 60 ಎನ್ನುವಾಗ ನಿಜವಾದ ವೇಗ 54ರ ಮೇಲೆ ಸ್ವಲ್ಪ. ಆಗ ಪುಸ್ತಕದಲ್ಲಿ ಚಾಲಕ ಮಹಾ ಮಿತವ್ಯಯಿಯಾಗಿ ಕಾಣುತ್ತಾನೆ.

ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಜೀಪಿನಲ್ಲಿ ಇನ್ನೊಂದು ಎಚ್ಚರ ಅತ್ಯವಶ್ಯ. ಮುಂದಿನ ಅಚ್ಚನ್ನು ಕೂಡಿಸಿದಾಗ ಎರಡು ಷಾಫ್ಟುಗಳೂ ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ಅವುಗಳ ನಡುವೆ ಹೆಚ್ಚುಕಡಿಮೆಯನ್ನು ಸರಿದೂಗಿಸುವ ಏರ್ಪಾಡು ಈ ಜೀಪಿನಲ್ಲಿಲ್ಲ. ಹಳೆಯ ಯುದ್ಧದ ಜೀಪಿನ ಒಂದು ಅಚ್ಚು ಕೆಟ್ಟಾಗ ಅದರ ಜಾಗಕ್ಕೆ ನಾಗರಿಕ ಜೀಪಿನ ಅಚ್ಚನ್ನು ತಂದು ಕೂಡಿಸಿದರೆಂದು ಊಹಿಸಿರಿ. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚಿನ ಭೇದ ಕಾಣದು. ಆದರೆ ಒಂದು ಕಿಲೋಮೀಟರಿಗೆ ಗಾಲಿ 447 ಸುತ್ತು ಬಂದರೆ, ಒಂದು ಷಾಫ್ಟು ಇನ್ನೊಂದಕ್ಕಿಂತ ಸುಮಾರು 224 ಸುತ್ತು ಹೆಚ್ಚು ತಿರುಗಬಯಸುತ್ತದೆ. ತಿರುಗಲು ಬಿಡುವವರಿಲ್ಲ. ಕೆಸರಿನಲ್ಲಾದರೆ ಗಾಲಿ ಜಾರಿ ಹೇಗೋ ನಿಭಾಯಿಸುತ್ತದೆ. ಡಾಂಬರು ರಸ್ತೆಯಲ್ಲಿ ಗಾಲಿ ಜಾರದು. ಹಲ್ಲುಗಳು, ಷಾಫ್ಟುಗಳು, ಕೀಲುಗಳು ಹಗ್ಗದಂತೆ ಹುರಿಗೊಂಡು ಬಿಗಿದು ಕೊನೆಗೆ ದುರ್ಬಲವಾದುದು ಮುರಿಯುತ್ತದೆ. ಅಚ್ಚುಗಳು ಸರಿಯಿದ್ದರೂ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದರೆ ಇದೇ ತೊಂದರೆ ಸಣ್ಣ ಪ್ರಮಾಣದಲ್ಲಿ ಉಂಟಾಗುತ್ತದೆ. ಟೈರಿನ ಮೈ 8 ಮಿಲಿಮೀಟರು ಸವೆದಿದ್ದರೆ ವ್ಯಾಸ 16 ಮಿಲಿಮೀಟರು ಕುಗ್ಗಿರುತ್ತದೆ. ಕಿಲೋಮೀಟರಿಗೆ ಗಾಲಿಯ ಹತ್ತು ಸುತ್ತು, ಷಾಫ್ಟಿನ ಐವತ್ತು ಸುತ್ತು ವ್ಯತ್ಯಾಸ. ಗಟ್ಟಿನೆಲದ ಮೇಲೆ ಮುಂದಿನ ಅಚ್ಚನ್ನು ಕೂಡಿಸಬಾರದೆಂಬ ನಿಯಮ ಹುಟ್ಟಿದ್ದಕ್ಕೆ ತಿರುವುಗಳಷ್ಟೇ ಈ ಸಣ್ಣ ಸವೆತವೂ ಕಾರಣ.

ಈಚಿನ ರೇಡಿಯಲ್ ಟೈರುಗಳ ಮೇಲೆ ಅಳತೆ ಬೇರೆ ಬಗೆಯಲ್ಲಿರುತ್ತದೆ. 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರು, ಎತ್ತರ ಆ ಅಗಲದ ಶೇಕಡಾ 75, ಉಕ್ಕಿನ ಚಕ್ರ 15 ಅಂಗುಲ. ಎತ್ತರ 161 ಮಿಲಿಮೀಟರು, ಅದರ ಎರಡರಷ್ಟು 322, ಚಕ್ರದ 381 ಕೂಡಿಸಿದರೆ 703 ಮಿಲಿಮೀಟರು ಅಥವಾ 27.7 ಅಂಗುಲ. ಚಕ್ರ ಒಂದು ಅಂಗುಲ ಕಿರಿದಾದರೂ ಗಾಲಿ ಹಳೆಯ 6.00-16ಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ಅದರ ಬದಲು 235/75 ಆರ್ 15 ಕೊಂಡರೆ ವ್ಯಾಸ ಸುಮಾರು 29 ಅಂಗುಲಕ್ಕೆ ಏರುತ್ತದೆ. ಅಂಗಡಿಯಲ್ಲಿ ಎರಡೂ ‘ಹದಿನೈದರ ಟೈರು’ಗಳೇ. ಲೆಕ್ಕ ಹಾಕದವನಿಗೆ ಅವುಗಳ ಭೇದ ತಿಳಿಯುವುದು ಘಾಟಿಯಲ್ಲಿ.

ಅಚ್ಚಿನ ಪ್ರಮಾಣವನ್ನು ಅದನ್ನು ಬಿಚ್ಚದೆಯೇ ತಿಳಿಯಬಹುದು. ಬೇಕಾದುದು ಎರಡು ಜ್ಯಾಕು, ಒಂದು ಸೀಮೆಸುಣ್ಣ, ಇಬ್ಬರು ಮನುಷ್ಯರು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡು ಗಾಲಿಗಳನ್ನೂ ನೆಲದಿಂದ ಎತ್ತಿ, ಅಚ್ಚಿನ ಕೆಳಗೆ ಭದ್ರವಾದ ಆಧಾರವನ್ನಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಗಾಲಿಯ ಮೇಲೊಂದು, ಷಾಫ್ಟಿನ ಮೇಲೊಂದು ಗುರುತು ಹಾಕಬೇಕು. ಒಬ್ಬನು ಒಂದೊಂದು ಕೈಯಿಂದಲ್ಲದೆ ಇಬ್ಬರೂ ಸೇರಿ ಎರಡು ಗಾಲಿಗಳನ್ನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ, ಷಾಫ್ಟಿನ ಸುತ್ತುಗಳನ್ನು ಎಣಿಸಬೇಕು. ಒಂದೇ ಗಾಲಿಯನ್ನು ಎತ್ತಿದ್ದರೆ ಅದನ್ನು ಎರಡು ಸುತ್ತು ತಿರುಗಿಸಬೇಕು. ಏಕೆಂದರೆ ಒಂದು ಗಾಲಿ ನಿಂತಿರುವಾಗ ಅಚ್ಚಿನೊಳಗಿನ ಡಿಫರೆನ್ಶಿಯಲ್ಲು ಇನ್ನೊಂದನ್ನು ಕ್ರೌನಿನ ಎರಡರಷ್ಟು ತಿರುಗಿಸುತ್ತದೆ. ಇದನ್ನು ಮರೆತವರು ಪ್ರಮಾಣವನ್ನು ಅರ್ಧವೆಂದು ಬರೆದುಕೊಂಡು ಹೋಗುವುದುಂಟು. ಷಾಫ್ಟಿನ ಗುರುತು ಐದನೆಯ ಸುತ್ತನ್ನು ಮುಗಿಸಲು ಎಂಟರಲ್ಲೊಂದು ಪಾಲು ಉಳಿದಿರುವಾಗಲೇ ಗಾಲಿಯ ಗುರುತು ತನ್ನ ಸ್ಥಾನಕ್ಕೆ ಬಂದರೆ ಕ್ರೌನಿನಲ್ಲಿ 39 ಹಲ್ಲುಗಳಿವೆ. ಐದು ಸುತ್ತು ಮುಗಿದು ಎಂಟರಲ್ಲಿ ಮೂರು ಪಾಲು ಮುಂದೆ ಹೋಗಿದ್ದರೆ 43. ಅನಂತರ ಮುಂದಿನ ಅಚ್ಚಿಗೂ ಇದೇ ಕ್ರಮದಲ್ಲಿ ಸೀಮೆಸುಣ್ಣ ಹಚ್ಚತಕ್ಕದ್ದು.